ಶುದ್ಧ ಸಭೆ ಹುಡುಕಿಕೊಂಡು ಹೋಗಬೇಡಿ

ಶಿಶು ದೀಕ್ಷಾಸ್ನಾನ ಕೊಡುವ, ಚುನಾವಣೆ, ಆಸ್ತಿ, ಕೋರ್ಟು ಅಂತ ಲೋಕದ ಜೊತೆ ಬೆರೆತುಹೋದ ನಿಮ್ಮ ಸಭೆಯನ್ನು, ಅಂದರೆ ಚರ್ಚನ್ನು, ಬಿಟ್ಟು, ನಂಬಿದ ದೊಡ್ಡವರಿಗೆ ಮಾತ್ರ ದೀಕ್ಷಾಸ್ನಾನ ಕೊಡುವ ಅನಾಬ್ಯಾಪ್ಟಿಸ್ಟರ ಹಾಗೆ ಲೋಕದಿಂದ ಬೇರ್ಪಟ್ಟ ಸಭೆ ಸೇರಲೇ ಎಂದು ಕೇಳಿದ್ದೀರಿ. ಬೇಡ. ನಾನು ಹಾಗೆ ಹೋದವನು.

ನಮ್ಮದು ಧಾರವಾಡದ ಬಾಸೆಲ್ ಮಿಷನ್ ಮನೆತನ. ಕೆಲಸಕ್ಕೆಂದು ಕೆನಡಾದ ವಾಟರ್‌ಲೂಗೆ ಬಂದೆ. ಊರ ಹೊರಗಿನ ರಸ್ತೆಗಳಲ್ಲಿ ಅನಾಬ್ಯಾಪ್ಟಿಸ್ಟರಲ್ಲೇ ಒಂದು ಪಂಗಡವಾದ ಮೆನೊನೈಟರ ಪೈಕಿ ಹಳೆ ಪದ್ಧತಿಯವರ ಕುದುರೆಗಾಡಿ ಇಲ್ಲಿ ಈಗಲೂ ಓಡಾಡುತ್ತವೆ. ನಾನು ಸೇರಿದ್ದು ಅವರನ್ನಲ್ಲ, ಎಲ್ಲರ ಹಾಗೆ ಕಾರು, ಕಂಪ್ಯೂಟರು ಇಟ್ಟುಕೊಂಡ ಮೆನೊನೈಟ್ ಸಭೆಯೊಂದನ್ನು. ಅಲ್ಲಿ ಅವರ ಚರಿತ್ರೆ ಓದಲು ಕೂತೆ. 1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ನಗರಸಭೆ, ಕೂಸುಗಳಿಗೆ ಎಂಟು ದಿನದೊಳಗೆ ದೀಕ್ಷಾಸ್ನಾನ ಆಗಲೇಬೇಕು ಎಂದು ಆಜ್ಞೆ ಮಾಡಿತು. ಅದೇ ವಾರ, 21ರಂದು, ಕಾನ್ರಾಡ್ ಗ್ರೆಬೆಲ್ ತನ್ನ ಜೊತೆಗಾರ ಜಾರ್ಜ್ ಬ್ಲೌರಾಕ್‌ಗೆ, ಬೆಳೆದ ಗಂಡಸಿಗೆ, ದೀಕ್ಷಾಸ್ನಾನ ಕೊಟ್ಟ. ಆಗ ಊರಲ್ಲಿ ಹುಟ್ಟಿದವರೆಲ್ಲ ಸಭೆಯವರೇ, ಸರ್ಕಾರವೇ ಸಭೆಯ ಕಾವಲು. ನಂಬಿದವನು ತಾನಾಗಿ ಬಂದು ಸೇರಿದರೆ ಮಾತ್ರ ಅದು ಸಭೆ ಅಂದವರು ಆ ಇಡೀ ಏರ್ಪಾಡಿನ ಬುಡಕ್ಕೇ ಕೈ ಹಾಕಿದ್ದರು. 1527ರ ಜನವರಿಯಲ್ಲಿ ಇವರ ಗೆಳೆಯ ಫೆಲಿಕ್ಸ್ ಮಾಂಟ್ಸ್‌ನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಇದನ್ನೆಲ್ಲ ಓದಿ ನನ್ನ ರಕ್ತ ಬಿಸಿಯಾಯಿತು. ಹುಟ್ಟಿದ ಸಭೆ ಸಭೆಯೇ ಅಲ್ಲ ಅನ್ನಿಸಿತು. ನಿಮಗೂ ಈಗ ಅನ್ನಿಸುತ್ತಿರುವುದು ಅದೇ.

ನಮ್ಮ ಸಭೆಯ ಒಬ್ಬ ಸದಸ್ಯ ನನಗೆ ಬಹಳ ಬೇಕಾದವನು. ಮೊದಲ ವರ್ಷದ ಚಳಿಗಾಲದಲ್ಲಿ ನನಗೆ ಕೋಟು ಕೊಡಿಸಿದವನು. ಅವನಿಗೆ ಸೈನ್ಯದ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಖಡ್ಗ ಹಿಡಿಯದ ಸಭೆಯಲ್ಲಿ ಇಂಥವನು ರೊಟ್ಟಿ ಮುರಿಯಬಹುದೇ, ಪ್ರಭುಭೋಜನದಲ್ಲಿ ಪಾಲು ಪಡೆಯಬಹುದೇ? ನಾನು ಇಡೀ ಸಭೆಗೆ ಒಂದು ಉದ್ದನೆಯ ಈಮೇಲ್ ಬರೆದೆ. ವಾಕ್ಯದ ಮೇಲೆ ವಾಕ್ಯ ಎತ್ತಿ ಹಾಕಿದೆ, ಹುತಾತ್ಮರನ್ನೂ ಎಳೆದು ತಂದೆ.

ತಪ್ಪಾದದ್ದು ಎಲ್ಲಿ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯೊಳಗೇ ಅದು ಕೂತಿದೆ. ನಾನು ನೆಚ್ಚಿಕೊಂಡಿದ್ದು 1527ರ ಫೆಬ್ರವರಿಯಲ್ಲಿ ಷ್ಲೈಟ್‌ಹೈಮ್ ಎಂಬ ಸ್ವಿಸ್ ಊರಿನಲ್ಲಿ ಅನಾಬ್ಯಾಪ್ಟಿಸ್ಟರು ಒಪ್ಪಿದ ಏಳು ಕಲಮುಗಳನ್ನು. ಅದನ್ನು ಬರೆದವನೆಂದು ಹೇಳುವ ಮಿಖಾಯೆಲ್ ಸಾಟ್ಲರ್‌ನನ್ನು ಅದೇ ಮೇ ತಿಂಗಳಲ್ಲಿ ಸುಟ್ಟರು. ಲೋಕದಿಂದ ಬೇರ್ಪಡುವ ನಾಲ್ಕನೆಯದೂ ಖಡ್ಗದ ಆರನೆಯದೂ ನನಗೆ ಬಾಯಿಪಾಠ. ಎರಡನೆಯದನ್ನು ಓದಿಯೂ ಓದಿರಲಿಲ್ಲ. ಸಹೋದರ ಎಡವಿದರೆ ಎರಡು ಸಲ ಗುಟ್ಟಾಗಿ ಎಚ್ಚರಿಸಬೇಕು, ಮೂರನೆಯ ಸಲ ಮಾತ್ರ ಸಭೆಯ ಮುಂದೆ, ಅದೂ ರೊಟ್ಟಿ ಮುರಿಯುವ ಮೊದಲು ಎಂದು ಅದು ಹೇಳುತ್ತದೆ. ಬೈಬಲಿನ ಮತ್ತಾಯ 18ರ ಕ್ರಮ ಇದು: ಮೊದಲು ನೀನೊಬ್ಬನೇ ಹೋಗು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆ. ನಾನು ಕೊನೆಯದರಿಂದ ಶುರು ಮಾಡಿದೆ. ಅವನ ಮನೆ ನನ್ನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ, ಹೋಗಲಿಲ್ಲ. ಹೋಗಿದ್ದರೆ ಅವನೇ ಹೇಳುತ್ತಿದ್ದ: ಹೆಂಡತಿಗೆ ಕಾಯಿಲೆ, ಬೇರೆ ಕೆಲಸ ಹುಡುಕುತ್ತಿದ್ದ, ಸಭಾಪಾಲಕರ ಹತ್ತಿರ ತಿಂಗಳುಗಟ್ಟಲೆ ಮಾತಾಡಿಕೊಂಡೇ ಬಂದಿದ್ದ.

ಆರನೆಯ ಕಲಮೂ ನನಗೆ ಅರ್ಥವಾಗಿರಲಿಲ್ಲ. ಖಡ್ಗ ಲೋಕದ ಅಧಿಕಾರಿಗಳ ಕೈಯಲ್ಲಿರಲಿ, ಕ್ರಿಸ್ತನವರ ನಡುವೆ ಎಚ್ಚರಿಕೆ ಮತ್ತು ಬಹಿಷ್ಕಾರ ಮಾತ್ರ, ಪ್ರಾಣ ತೆಗೆಯುವಂತಿಲ್ಲ ಎನ್ನುತ್ತದೆ ಅದು. ತಪ್ಪು ನಂಬಿದವನನ್ನು ಸುಡುತ್ತಿದ್ದ ಕಾಲದಲ್ಲಿ ಅದು ಎಂಥ ಮೃದುವಾದ ಮಾತು! ನಾನು ಅದನ್ನೇ ಹಿಡಿದು ಒಬ್ಬನನ್ನು ಇರಿದೆ. ಅವನು ಸಭೆ ಬಿಟ್ಟ. ನಾನೂ ಬಿಟ್ಟೆ, ಇನ್ನಷ್ಟು ಶುದ್ಧರಾದ ಕೆಲವು ಕುಟುಂಬಗಳ ಜೊತೆ ಮನೆಯಲ್ಲೇ ಕೂಡತೊಡಗಿದೆ. ಬಡ್ಡಿ ತಗೊಳ್ಳಬಹುದೇ, ಮತ ಹಾಕಬಹುದೇ ಅನ್ನುವ ಜಗಳದಲ್ಲಿ ಅದೂ ಒಡೆಯಿತು. ಆ ಗೆಳೆಯ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.

ಇದು ನನ್ನೊಬ್ಬನ ಕಥೆಯೂ ಅಲ್ಲ. 1693ರಲ್ಲಿ ಸ್ವಿಸ್ ಅನಾಬ್ಯಾಪ್ಟಿಸ್ಟರ ಹಿರಿಯ ಯಾಕೋಬ್ ಅಮ್ಮಾನ್ ಬಹಿಷ್ಕೃತರ ಜೊತೆ ಊಟವನ್ನೂ ಮಾಡಬಾರದೆಂದು ಪಟ್ಟು ಹಿಡಿದು, ಒಪ್ಪದ ಇನ್ನೊಬ್ಬ ಹಿರಿಯ ಹಾನ್ಸ್ ರೈಸ್ಟ್‌ನನ್ನೇ ಬಹಿಷ್ಕರಿಸಿದ. ಅಮಿಶ್ ಜನ ಬೇರೆಯಾದದ್ದು ಹೀಗೆ. ಕೆಲವು ವರ್ಷ ಕಳೆದು ಅಮ್ಮಾನನೂ ಅವನ ಕಡೆಯವರೂ ದುಡುಕಿದೆವು ಎಂದು ತಮ್ಮನ್ನೇ ಬಹಿಷ್ಕಾರಕ್ಕೆ ಒಪ್ಪಿಸಿಕೊಂಡರು. ಆದರೂ ಒಡಕು ಕೂಡಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುನಾದಿಯೇ ನನಗೆ ಒಪ್ಪಿಗೆಯಿಲ್ಲ. ಅನಾಬ್ಯಾಪ್ಟಿಸ್ಟರ ಪ್ರಕಾರ ಸಭೆ ಅಂದರೆ ತಪ್ಪು ಮಾಡದವರ ಗುಂಪಲ್ಲ, ನನ್ನನ್ನು ತಿದ್ದು ಎಂದು ದೀಕ್ಷಾಸ್ನಾನದ ನೀರಲ್ಲಿ ಒಬ್ಬರಿಗೊಬ್ಬರು ಮಾತು ಕೊಟ್ಟವರ ಗುಂಪು. ಸಿಟ್ಟಿನಿಂದ ಎದ್ದು ಹೋಗುವವನು ಆ ಮಾತನ್ನೇ ಮೊದಲು ಮುರಿಯುತ್ತಾನೆ. ಬೇರ್ಪಡುವುದೆಂದರೆ ಬಾಗಿಲು ಹಾಕಿಕೊಳ್ಳುವುದೂ ಅಲ್ಲ. ಮೆನೊನೈಟರ ಪರಿಹಾರ ಸಂಸ್ಥೆ ಮೆನೊನೈಟ್ ಸೆಂಟ್ರಲ್ ಕಮಿಟಿ 1920ರಲ್ಲಿ ಹುಟ್ಟಿದ್ದೇ ಉಕ್ರೇನ್ ಕಡೆ ಹಸಿದವರಿಗೆ ಅನ್ನ ಕಳಿಸಲಿಕ್ಕೆ.

ನಿಮ್ಮ ಸಭೆಯಲ್ಲೇ ಇರಿ. ಆಸ್ತಿ ಜಗಳದಲ್ಲಿ ಯಾರ ಮೇಲೆ ನಿಮಗೆ ಹೆಚ್ಚು ಸಿಟ್ಟೋ ಅವರ ಮನೆಗೆ ಈ ವಾರವೇ ಒಬ್ಬರೇ ಹೋಗಿ. ಫೇಸ್‌ಬುಕ್ಕಿನಲ್ಲಿ ಒಂದಕ್ಷರವನ್ನೂ ಬರೆಯಬೇಡಿ. ನಂಬಿಕೆಯ ದೀಕ್ಷಾಸ್ನಾನ ಬೇಕೆಂಬ ಹಂಬಲ ಇದ್ದರೆ ಅದನ್ನು ಈ ಸಿಟ್ಟಿನ ಜೊತೆ ಬೆರೆಸದೆ ಸಭಾಪಾಲಕರ ಹತ್ತಿರ ಬೇರೆಯಾಗಿ ಮಾತಾಡಿ.

ಕೋರ್ಟಿನಲ್ಲಿ ಆಣೆ ಇಡಬಹುದೇ ಎಂದೂ ಕೇಳಿದ್ದೀರಿ. ಷ್ಲೈಟ್‌ಹೈಮ್‌ನ ಏಳನೆಯ ಕಲಮು ಬೇಡ ಎನ್ನುತ್ತದೆ, ನಾನೂ ಇಡುವುದಿಲ್ಲ. ಭಾರತದ 1969ರ ಪ್ರಮಾಣ ಕಾಯ್ದೆಯಲ್ಲಿ ದೇವರ ಹೆಸರೆತ್ತದೆ ಸತ್ಯ ಹೇಳುತ್ತೇನೆಂದು ದೃಢೀಕರಿಸಲು ಅವಕಾಶವಿದೆ. ಸಾಕ್ಷಿ ಕಟ್ಟೆ ಹತ್ತುವ ಮೊದಲೇ ನಿಮ್ಮ ವಕೀಲರಿಗೆ ಹೇಳಿಡಿ.