ಅಭಿಪ್ರೇರಣೆಯ ಸಿದ್ಧಾಂತಗಳೆಲ್ಲ ಒಂದೇ ರೀತಿ ಕಾಣುತ್ತವೆ. ಪರೀಕ್ಷೆಗೆ ಓದುವುದು ಹೇಗೆ?

ನೀವು ದಾವಣಗೆರೆಯಲ್ಲಿ ಕನ್ನಡ ಮಾಧ್ಯಮದಲ್ಲಿ ದ್ವಿತೀಯ ಪಿಯುಸಿ ವಾಣಿಜ್ಯ ಓದುತ್ತಿದ್ದೀರಿ. ಮಾನವ ಸಂಪನ್ಮೂಲ ನಿರ್ವಹಣೆ ಮತ್ತು ಅಭಿಪ್ರೇರಣೆಯ (ಅಂದರೆ ಮನಸ್ಸಿಟ್ಟು ಕೆಲಸ ಮಾಡುವಂತೆ ಜನರನ್ನು ಹುರಿದುಂಬಿಸುವುದರ) ಭಾಗವನ್ನು ಗಟ್ಟಿ ಮಾಡಿಕೊಳ್ಳಲು ಅಣ್ಣನ ಬಿ.ಕಾಂ. ನೋಟ್ಸನ್ನೂ ಜೊತೆಗಿಟ್ಟುಕೊಂಡಿದ್ದೀರಿ. ಮಾಸ್ಲೋ, ಹರ್ಜ್‌ಬರ್ಗ್, ಮೆಕ್‌ಗ್ರೆಗರ್ ಎಲ್ಲರೂ ಒಂದೇ ಮಾತು ಹೇಳಿದಂತೆ ಕಂಡು ತಲೆಯಲ್ಲಿ ಕಲಸುಮೇಲೋಗರವಾಗಿದೆ. ಇವನ್ನು ಬಿಡಿಸಿಕೊಂಡು ಓದುವುದು ಹೇಗೆ, ಮಾಸ್ಲೋ ಅವರ ಹಂತಗಳನ್ನು ತೋರಿಸುವ ಪಿರಮಿಡ್ಡಿನ ಚಿತ್ರ ಬರೆಯಲೇಬೇಕೆ ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಪದವಿಪೂರ್ವ ತರಗತಿಗಳಿಗೆ ವಾಣಿಜ್ಯ ಪಾಠ ಹೇಳಿ ನಿವೃತ್ತನಾದವನು ನಾನು. ಇದೇ ಗೊಂದಲದಿಂದ ಅಂಕ ಕಳೆದುಕೊಂಡ ಮಕ್ಕಳನ್ನು ಪ್ರತಿ ವರ್ಷವೂ ನೋಡಿದ್ದೇನೆ.

ಮೊದಲು ಮಾಡಬೇಕಾದ ಕೆಲಸವೆಂದರೆ ಅಣ್ಣನ ನೋಟ್ಸನ್ನು ಪಕ್ಕಕ್ಕಿಡುವುದು. ನಿಮ್ಮ ವ್ಯವಹಾರ ಅಧ್ಯಯನದ ಪುಸ್ತಕದಲ್ಲಿ ಮಾನವ ಸಂಪನ್ಮೂಲ ನಿರ್ವಹಣೆಯ ವಿಚಾರ ಸಿಬ್ಬಂದಿ ನೇಮಕಕ್ಕೆ ಸಂಬಂಧಿಸಿದ ಆರನೆಯ ಅಧ್ಯಾಯದಲ್ಲಿದೆ. ಅಭಿಪ್ರೇರಣೆ ಇರುವುದು ನಿರ್ದೇಶನದ ಏಳನೆಯ ಅಧ್ಯಾಯದಲ್ಲಿ. ಅಲ್ಲಿ ವಿವರವಾಗಿ ಬರುವ ಸಿದ್ಧಾಂತ ಮಾಸ್ಲೋ ಅವರದೊಂದೇ: ಮನುಷ್ಯನ ಅಗತ್ಯಗಳು ದೈಹಿಕ, ಭದ್ರತೆ, ಪ್ರೀತಿ, ಗೌರವ, ಆತ್ಮಸಾಕ್ಷಾತ್ಕಾರ ಎಂಬ ಐದು ಹಂತಗಳಲ್ಲಿ ಮೇಲೇರುತ್ತವೆ ಎಂಬುದು. ಅದರ ಜೊತೆಗೆ ಹಣಕಾಸಿನ ಮತ್ತು ಹಣಕಾಸೇತರ ಪ್ರೋತ್ಸಾಹಕಗಳ ಪಟ್ಟಿ ಇದೆ. ಉಳಿದವರು ಪದವಿ ತರಗತಿಗೆ ಸೇರಿದವರು. ಹಾಗೆಂದು ಅವರನ್ನು ಓದಬಾರದೆಂದು ನಾನು ಹೇಳುವುದಿಲ್ಲ, ಏಕೆಂದರೆ ಹರ್ಜ್‌ಬರ್ಗ್ ಅವರ ಮಾತು ತಿಳಿದವರಿಗೆ ಪ್ರೋತ್ಸಾಹಕಗಳನ್ನು ಎರಡು ಗುಂಪಾಗಿ ಏಕೆ ವಿಂಗಡಿಸಿದ್ದಾರೆ ಎಂಬುದು ಬೇಗ ಹೊಳೆಯುತ್ತದೆ.

ಎರಡೂ ಅಧ್ಯಾಯಗಳನ್ನು ಒಟ್ಟಿಗೆ ಹಿಡಿಯುವುದಕ್ಕೆ ನಮ್ಮ ಊರಿನದೇ ಒಂದು ಮಾತಿದೆ. ಆರನೆಯ ಅಧ್ಯಾಯದಲ್ಲಿ ನೇಮಕಾತಿಯ ಬಾಹ್ಯ ಮೂಲಗಳನ್ನು ಹೇಳುವಾಗ, ಕಾರ್ಖಾನೆಯ ಮುಂದೆ ಸೇರಿದವರನ್ನು ನೇರವಾಗಿ ತೆಗೆದುಕೊಂಡು ದಿನಗೂಲಿ ಕೊಡುವ ಪದ್ಧತಿಯ ಜೊತೆಗೆ ‘ಬದಲಿ’ ಕೆಲಸಗಾರರ ಪ್ರಸ್ತಾಪ ಬರುತ್ತದೆ. ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ದಾವಣಗೆರೆಯ ಹಳೆಯ ಮನೆಗಳಲ್ಲಿ ಈ ಮಾತಿನ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ನನ್ನ ತಂದೆ ಕೆಲವು ವರ್ಷ ಒಂದು ಮಿಲ್ಲಿನಲ್ಲಿ ಬದಲಿಯಾಗಿದ್ದರು. ಪಾಳಿ ಶುರುವಾಗುವ ಹೊತ್ತಿಗೆ ಬುತ್ತಿ ಕಟ್ಟಿಸಿಕೊಂಡು ಗೇಟಿನ ಮುಂದೆ ನಿಲ್ಲುವುದು. ಕಾಯಂ ನೌಕರರಲ್ಲಿ ಯಾರಾದರೂ ಬಾರದಿದ್ದರೆ ಒಳಗೆ ಹೋಗುವುದು, ಎಲ್ಲರೂ ಬಂದರೆ ಬುತ್ತಿಯನ್ನು ಹಾಗೆಯೇ ಮನೆಗೆ ತರುವುದು. ಅವರು ಕಾಯಂ ಆದ ತಿಂಗಳು ಬಟವಾಡೆಯಲ್ಲಿ ಬಂದ ಹಣ ಹಿಂದಿನ ಒಳ್ಳೆಯ ತಿಂಗಳುಗಳಿಗಿಂತ ಬಹಳ ಹೆಚ್ಚೇನೂ ಇರಲಿಲ್ಲವಂತೆ. ಆದರೂ ಅಂದು ಮನೆಯಲ್ಲಿ ಹೋಳಿಗೆ ಮಾಡಿದ್ದನ್ನು ಅಮ್ಮ ಕೊನೆಯವರೆಗೂ ಹೇಳುತ್ತಿದ್ದರು. ಮಾಸ್ಲೋ ಅವರ ಎರಡನೆಯ ಹಂತವಾದ ಭದ್ರತೆಯ ಅಗತ್ಯವೆಂದರೆ ಇದೇ. ಉದ್ಯೋಗ ಭದ್ರತೆಯನ್ನು ನಿಮ್ಮ ಪುಸ್ತಕ ಹಣಕಾಸೇತರ ಪ್ರೋತ್ಸಾಹಕವೆಂದೂ, ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿಯಂತಹ ನಿವೃತ್ತಿ ಸೌಲಭ್ಯಗಳನ್ನು ಹಣಕಾಸಿನ ಪ್ರೋತ್ಸಾಹಕಗಳೆಂದೂ ವಿಂಗಡಿಸಿರುವುದು ಇದೇ ಕಾರಣಕ್ಕೆ. ಈ ಎರಡನ್ನು ಅದಲುಬದಲು ಮಾಡಿ ಬರೆಯುವುದು ಬಹು ಸಾಮಾನ್ಯವಾದ ತಪ್ಪು.

ಈಗ ಸಿದ್ಧಾಂತಗಳಿಗೆ ಬರೋಣ. ಹೆಸರು ಮತ್ತು ಇಸವಿಗಳನ್ನು ಉರು ಹೊಡೆಯುವುದರಿಂದ ಇವು ಬೇರೆ ಬೇರೆಯಾಗುವುದಿಲ್ಲ. ನಾನು ತರಗತಿಯಲ್ಲಿ ಒಂದೇ ಪ್ರಶ್ನೆಯನ್ನು ಎಲ್ಲ ಚಿಂತಕರ ಮುಂದೆಯೂ ಇಡುತ್ತಿದ್ದೆ: ಬೆಣ್ಣೆ ದೋಸೆ ಹೋಟೆಲಿನಲ್ಲಿ ಕಟ್ಟಿಗೆ ಒಲೆಯ ಮುಂದೆ ನಿಂತು ದೋಸೆ ಹಾಕುವವರಿಗೆ ಮಾಲೀಕರು ತಿಂಗಳಿಗೆ 2000 ರೂಪಾಯಿ ಸಂಬಳ ಹೆಚ್ಚಿಸಿದರೆ ಅವರು ಹೆಚ್ಚು ಮನಸ್ಸಿಟ್ಟು ಕೆಲಸ ಮಾಡುತ್ತಾರೆಯೇ? ನೀವು ಎರಡನೆಯ ಅಧ್ಯಾಯದಲ್ಲಿ ಓದಿರುವ ಟೇಲರ್ ಅವರು, ಸುಮ್ಮನೆ ಹೆಚ್ಚಿಸಬೇಡಿ, ದೋಸೆಯ ಲೆಕ್ಕಕ್ಕೆ ಕೂಲಿಯನ್ನು ಜೋಡಿಸಿ, ಗೊತ್ತುಪಡಿಸಿದ ಪ್ರಮಾಣವನ್ನು ಮುಟ್ಟಿದವರಿಗೆ ಮೇಲಿನ ದರ, ಮುಟ್ಟದವರಿಗೆ ಕೆಳಗಿನ ದರ ಕೊಡಿ ಎನ್ನುತ್ತಾರೆ. ಪ್ರತಿಯೊಬ್ಬರಿಂದಲೂ ಇದೇ ಪ್ರಶ್ನೆಗೆ ಉತ್ತರ ಪಡೆದುಕೊಂಡರೆ ಯಾರು ಯಾರಿಂದ ಎಲ್ಲಿ ಬೇರೆಯಾಗುತ್ತಾರೆಂಬುದು ತಾನಾಗಿ ಕಾಣುತ್ತದೆ.

ಮಾಸ್ಲೋ ಕೊಡುವ ಉತ್ತರ, ದೋಸೆ ಹಾಕುವವರು ಈಗ ಯಾವ ಹಂತದಲ್ಲಿದ್ದಾರೆ ಎಂಬುದನ್ನು ನೋಡಿ ಎಂಬುದು. ಮನೆಯಲ್ಲಿ ಅಕ್ಕಿ ಬೇಳೆಗೇ ತೊಂದರೆಯಿದ್ದರೆ ಆ ಹಣ ಖಂಡಿತವಾಗಿಯೂ ಕೆಲಸ ಮಾಡುತ್ತದೆ. ಊಟ, ಬಟ್ಟೆ, ವಸತಿಗಳು ನೆಲೆಗೊಂಡು, ಭದ್ರತೆಯೂ ಜೊತೆಗಾರರ ಪ್ರೀತಿಯೂ ಸಿಕ್ಕವರು ತಮ್ಮ ಕೈರುಚಿಯನ್ನು ನಾಲ್ಕು ಜನ ಗುರುತಿಸಲಿ ಎಂದು ಬಯಸುತ್ತಾರೆ. ತೃಪ್ತಿಗೊಂಡ ಅಗತ್ಯ ಮತ್ತೆ ಪ್ರೇರಣೆ ನೀಡುವುದಿಲ್ಲವೆಂಬ ಊಹೆಯನ್ನು ಉತ್ತರದಲ್ಲಿ ಮರೆಯದೆ ಬರೆಯಿರಿ. ಹಂತಗಳ ಹೆಸರುಗಳನ್ನು ಮಾತ್ರ ಬರೆದು ಊಹೆಗಳನ್ನು ಬಿಟ್ಟವರಿಗೆ ಪೂರ್ಣ ಅಂಕ ಸಿಗುವುದು ಕಷ್ಟ. ಕೆಳಗಿನ ಹಂತ ತೀರಿದ ಮೇಲಷ್ಟೇ ಮೇಲಿನದು ಎಂದು ಪುಸ್ತಕ ಹೇಳುತ್ತದೆ, ಪರೀಕ್ಷೆಯಲ್ಲಿಯೂ ಹಾಗೆಯೇ ಬರೆಯಬೇಕು. ಆದರೆ 1943ರ ಮೂಲ ಲೇಖನದಲ್ಲಿ ಮಾಸ್ಲೋ ಅಷ್ಟು ಬಿಗಿಯಾಗಿರಲಿಲ್ಲ. ಈ ಕ್ರಮ ಎಲ್ಲರಿಗೂ ಒಂದೇ ಅಲ್ಲವೆಂದೂ, ಒಂದು ಅಗತ್ಯ ನೂರಕ್ಕೆ ನೂರು ತೀರಬೇಕಾಗಿಲ್ಲವೆಂದೂ ಬರೆದು, ಉದಾಹರಣೆಗಾಗಿ ಒಬ್ಬ ಸಾಮಾನ್ಯ ಮನುಷ್ಯನಲ್ಲಿ ದೈಹಿಕ ಅಗತ್ಯ ಶೇ. 85, ಭದ್ರತೆ ಶೇ. 70, ಪ್ರೀತಿ ಶೇ. 50, ಗೌರವ ಶೇ. 40, ಕೊನೆಯದು ಶೇ. 10ರಷ್ಟು ತೀರಿರಬಹುದೆಂದು ಅಂದಾಜಿನ ಅಂಕಿಗಳನ್ನೂ ಕೊಟ್ಟಿದ್ದರು. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ’ ಎನ್ನುವ ನಮ್ಮ ಗಾದೆ ಗೇಲಿ ಮಾಡುವುದು ಈ ಕ್ರಮ ತಪ್ಪಿದವರನ್ನೇ. ಸಾಲ ಮಾಡಿ ಮದುವೆಯ ಚಪ್ಪರ ಹಾಕಿಸಿದ ಎಷ್ಟೋ ಮನೆಗಳಲ್ಲಿ ನಾಲ್ಕನೆಯ ಹಂತ ಮೊದಲನೆಯದಕ್ಕಿಂತ ಮುಂದೆ ಓಡಿದೆ.

ಕನ್ನಡ ಮಾಧ್ಯಮದವರು ಐದನೆಯ ಹಂತದ ಹೆಸರಿನ ಬಗ್ಗೆಯೂ ಎಚ್ಚರವಾಗಿರಬೇಕು. ಅದನ್ನು ಆತ್ಮಸಾಕ್ಷಾತ್ಕಾರವೆಂದು ಅನುವಾದಿಸುವುದುಂಟು. ಆ ಮಾತನ್ನು ಕಂಡೊಡನೆ ನಮ್ಮ ಕಡೆಯ ಮಕ್ಕಳ ಮನಸ್ಸು ಮಠದ ಕಡೆಗೆ ಹೊರಳುತ್ತದೆ. ಒಂದು ಕಿರುಪರೀಕ್ಷೆಯಲ್ಲಿ ಹುಡುಗನೊಬ್ಬ ಮಾಸ್ಲೋ ಅವರ ಐದು ಹಂತಗಳನ್ನು ವೀರಶೈವರ ಆರು ಮೆಟ್ಟಿಲುಗಳ ಸಾಧನಾಮಾರ್ಗವಾದ ಷಟ್‌ಸ್ಥಲದ ಜೊತೆ ಬೆರೆಸಿ ಕೊನೆಗೆ ಐಕ್ಯಸ್ಥಲದಲ್ಲಿ ತಂದು ನಿಲ್ಲಿಸಿದ್ದ. ಅಂಕ ಕೊಡಲು ಬರುವಂತಿರಲಿಲ್ಲ, ಆದರೆ ಆ ಉತ್ತರವನ್ನು ನಾನು ಎರಡು ಸಲ ಓದಿದೆ. ಮಾಸ್ಲೋ ಹೇಳುವುದು ಲೌಕಿಕದ ಮಾತು: ಒಬ್ಬ ವ್ಯಕ್ತಿ ತನ್ನ ಶಕ್ತಿಗೆ ತಕ್ಕಂತೆ ಏನಾಗಬಲ್ಲನೋ ಅದಾಗಬೇಕೆಂಬ ತುಡಿತ. ದೋಸೆ ಹಾಕುವವರು ತಮ್ಮದೇ ಹೋಟೆಲ್ ತೆರೆದು ತಮ್ಮದೇ ಹದ ಕಂಡುಕೊಳ್ಳಬೇಕೆಂದು ಹಂಬಲಿಸಿದರೆ ಅದು ಈ ಹಂತ.

ಹರ್ಜ್‌ಬರ್ಗ್ ಅವರಲ್ಲಿಯೂ ಒಂದು ಶಬ್ದ ದಾರಿ ತಪ್ಪಿಸುತ್ತದೆ. ಅವರು ಹೇಳುವ ಎರಡು ಗುಂಪುಗಳಲ್ಲಿ ಒಂದನ್ನು ನೈರ್ಮಲ್ಯ ಅಂಶಗಳೆಂದು ಕರೆಯುತ್ತೇವೆ. ಮಕ್ಕಳು ಅದನ್ನು ಕಾರ್ಖಾನೆಯ ಕಸ ಗುಡಿಸುವ ವಿಚಾರವೆಂದು ತಿಳಿಯುತ್ತಾರೆ. ಹರ್ಜ್‌ಬರ್ಗ್ ಆ ಮಾತನ್ನು ವೈದ್ಯಕೀಯದಿಂದ ಎರವಲು ಪಡೆದರು: ನೈರ್ಮಲ್ಯ ರೋಗ ಬಾರದಂತೆ ತಡೆಯುತ್ತದೆ, ಬಂದ ರೋಗವನ್ನು ವಾಸಿ ಮಾಡುವುದಿಲ್ಲ. ಸಂಬಳ, ಸಂಸ್ಥೆಯ ನೀತಿ, ಮೇಲ್ವಿಚಾರಣೆ, ಕೆಲಸದ ಸ್ಥಳದ ಸ್ಥಿತಿಗತಿಗಳು ಸರಿಯಿದ್ದರೆ ಗೊಣಗಾಟ ನಿಲ್ಲುತ್ತದೆ. ಎರಡನೆಯ ಗುಂಪಿನ ಪ್ರೇರಕ ಅಂಶಗಳಾದ ಸಾಧನೆ, ಮನ್ನಣೆ, ಜವಾಬ್ದಾರಿ, ಬೆಳವಣಿಗೆ ಸಿಕ್ಕಾಗ ಮಾತ್ರ ಉತ್ಸಾಹ ಹುಟ್ಟುತ್ತದೆ. ಹಾಗಾಗಿ ನಮ್ಮ ಪ್ರಶ್ನೆಗೆ ಅವರ ಉತ್ತರ: 2000 ರೂಪಾಯಿ ಹೆಚ್ಚಿಸಿದರೆ ದೋಸೆ ಹಾಕುವವರು ಎದುರು ಹೋಟೆಲಿಗೆ ಹೋಗದೆ ಉಳಿದಾರು, ಆದರೆ ಕೆಲಸದ ಮೇಲೆ ಹೊಸ ಪ್ರೀತಿ ಅದರಿಂದಲೇ ಬಾರದು. ಅತೃಪ್ತಿ ಇಲ್ಲದಿರುವುದೇ ತೃಪ್ತಿಯಲ್ಲ ಎಂಬ ಒಂದು ಸಾಲನ್ನು ಅರ್ಥಮಾಡಿಕೊಂಡರೆ ಸಿದ್ಧಾಂತದ ಮುಕ್ಕಾಲು ಪಾಲು ಬಂದಂತೆ. 1959ರಲ್ಲಿ ಪ್ರಕಟವಾದ ಈ ಅಧ್ಯಯನ ಅಮೆರಿಕದ ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಎಂಜಿನಿಯರ್ ಮತ್ತು ಲೆಕ್ಕಿಗರ ಸಂದರ್ಶನಗಳನ್ನು ಆಧರಿಸಿದ್ದು. ಅವರಲ್ಲಿ ಮಿಲ್ಲಿನ ಬದಲಿ ಕೆಲಸಗಾರರಿರಲಿಲ್ಲ. ನನ್ನ ತಂದೆಯನ್ನು ಕೇಳಿದ್ದರೆ ಸಂಬಳವನ್ನು ಯಾವ ಗುಂಪಿಗೆ ಸೇರಿಸುತ್ತಿದ್ದರೋ ಎಂದು ನನಗೆ ಇಂದಿಗೂ ಕುತೂಹಲವಿದೆ.

ಮೆಕ್‌ಗ್ರೆಗರ್ ಅವರ ಬಗ್ಗೆ ಒಂದೇ ಎಚ್ಚರಿಕೆ ಸಾಕು. ಅವರ ಎಕ್ಸ್ ಮತ್ತು ವೈ ಎಂಬ ಎರಡು ಸಿದ್ಧಾಂತಗಳಲ್ಲಿ ಎಕ್ಸ್ ಎಂದರೆ ಸೋಮಾರಿ ಕೆಲಸಗಾರರು, ವೈ ಎಂದರೆ ಶ್ರಮಜೀವಿಗಳು ಎಂದು ಬರೆಯಬೇಡಿ. ಅವೆರಡೂ ಕೆಲಸಗಾರರ ಬಗ್ಗೆ ವ್ಯವಸ್ಥಾಪಕರು ತಲೆಯಲ್ಲಿಟ್ಟುಕೊಂಡಿರುವ ನಂಬಿಕೆಗಳು, ಅಂದರೆ ಗಲ್ಲಾದ ಮೇಲೆ ಕುಳಿತವರ ಕಣ್ಣಿಗೆ ಸಂಬಂಧಿಸಿದವು. 1964ರಲ್ಲಿ ವ್ರೂಮ್ ಮಂಡಿಸಿದ ನಿರೀಕ್ಷಾ ಸಿದ್ಧಾಂತದಲ್ಲಿ ಗುಣಾಕಾರವಿದೆ: ಶ್ರಮಪಟ್ಟರೆ ಕೆಲಸ ಚೆನ್ನಾಗುತ್ತದೆ, ಕೆಲಸ ಚೆನ್ನಾದರೆ ಪ್ರತಿಫಲ ಸಿಗುತ್ತದೆ, ಆ ಪ್ರತಿಫಲ ನನಗೆ ಬೇಕಾದದ್ದು ಎಂಬ ಮೂರು ನಂಬಿಕೆಗಳಲ್ಲಿ ಒಂದು ಸೊನ್ನೆಯಾದರೂ ಪ್ರೇರಣೆ ಸೊನ್ನೆಯೇ. ಸಮಾನತೆಯ ಸಿದ್ಧಾಂತ ಹೇಳಿದ ಆಡಮ್ಸ್ ಅವರ ಪ್ರಕಾರ ದೋಸೆ ಹಾಕುವವರು ಮೊದಲು ಕೇಳುವುದು, ಪಕ್ಕದ ಒಲೆಯವರಿಗೆ ಎಷ್ಟು ಹೆಚ್ಚಿಸಿದಿರಿ ಎಂದು. ಸಾಧನೆಯ ಹಂಬಲದ ಬಗ್ಗೆ ಬರೆದ ಮೆಕ್ಲೆಲೆಂಡ್ ತಮ್ಮ ವಿಚಾರವನ್ನು 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ಉದ್ಯಮಿಗಳಿಗೆ ತರಬೇತಿ ಕೊಡಿಸಿ ಪರೀಕ್ಷಿಸಿದ್ದರು. ಇವು ಪಿಯುಸಿಗೆ ಬೇಕಿಲ್ಲ, ಅಣ್ಣನಿಗೆ ಹೇಳಿ.

ಆರನೆಯ ಅಧ್ಯಾಯದಲ್ಲಿ ಅಂಕ ಹೋಗುವ ಜಾಗಗಳು ಎರಡು. ನೇಮಕಾತಿ ಎಂದರೆ ಹೆಚ್ಚು ಜನ ಅರ್ಜಿ ಹಾಕುವಂತೆ ಮಾಡುವುದು, ಆಯ್ಕೆ ಎಂದರೆ ಬಂದವರಲ್ಲಿ ತಕ್ಕವರನ್ನು ಉಳಿಸಿಕೊಂಡು ಮಿಕ್ಕವರನ್ನು ಕೈಬಿಡುವುದು. ಅದಕ್ಕಾಗಿಯೇ ಮೊದಲನೆಯದನ್ನು ಧನಾತ್ಮಕ, ಎರಡನೆಯದನ್ನು ಋಣಾತ್ಮಕ ಪ್ರಕ್ರಿಯೆ ಎನ್ನುತ್ತಾರೆ. ಆಯ್ಕೆಯ ಎಂಟು ಹಂತಗಳಲ್ಲಿ ವೈದ್ಯಕೀಯ ಪರೀಕ್ಷೆ ಆಯ್ಕೆಯ ನಿರ್ಧಾರವಾದ ಮೇಲೆ ಬರುತ್ತದೆ, ಮೊದಲಲ್ಲ. ಮಕ್ಕಳು ಅದನ್ನು ಸಂದರ್ಶನಕ್ಕಿಂತ ಮುಂಚೆ ತಂದುಬಿಡುತ್ತಾರೆ.

ಪಿರಮಿಡ್ಡಿನ ಚಿತ್ರವನ್ನು ಬರೆಯಿರಿ. 1943ರ ಲೇಖನದಲ್ಲಿ ಅಂತಹ ಚಿತ್ರವಿಲ್ಲ, ಅದು ಆಮೇಲೆ ಬೇರೆಯವರು ಸೇರಿಸಿದ್ದು. ಆದರೂ ಪುಸ್ತಕದಲ್ಲಿರುವುದರಿಂದ ಮೌಲ್ಯಮಾಪಕರ ಕಣ್ಣು ಅದನ್ನೇ ಹುಡುಕುತ್ತದೆ. ಪೆನ್ಸಿಲಿನಲ್ಲಿ, ಕಾಲು ಪುಟ ಮೀರದಂತೆ, ದೈಹಿಕ ಅಗತ್ಯ ತಳದಲ್ಲಿ ಬರುವಂತೆ ಬರೆದು, ಪ್ರತಿ ಹಂತದ ಪಕ್ಕದಲ್ಲಿ ಕೆಲಸದ ಸ್ಥಳದ ಒಂದೊಂದು ಉದಾಹರಣೆಯನ್ನು ಸೇರಿಸಿ: ಮೂಲವೇತನ, ಪಿಂಚಣಿ, ಸಹೋದ್ಯೋಗಿಗಳ ಸ್ನೇಹ, ಹುದ್ದೆಯ ಹೆಸರು, ಗುರಿಯ ಸಾಧನೆ.