ಹಳೆ ಸರ್ವರ್ ಫಾರ್ಮ್ಯಾಟ್ ಮಾಡುವ ಮೊದಲು

ಪ್ರಶ್ನೆ: ಬೈಕಂಪಾಡಿಯ ಒಂದು ಗೇರುಬೀಜ ಕಾರ್ಖಾನೆಯ ಆಫೀಸಿನಲ್ಲಿ ಸಿಸ್ಟಮ್ ನೋಡಿಕೊಳ್ಳುತ್ತೇನೆ. ಸುಮಾರು 40 ಕಂಪ್ಯೂಟರ್ ಇವೆ. ಡೊಮೈನ್ ಕಂಟ್ರೋಲರ್ (ಡೊಮೈನ್ ಅಂದರೆ ಆಫೀಸಿನ ಕಂಪ್ಯೂಟರ್, ಬಳಕೆದಾರರ ಗುಂಪು; ಅದರ ಲಾಗಿನ್ ನೋಡಿಕೊಳ್ಳುವುದು ಇದು), ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವುದು), ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ಐಪಿ ವಿಳಾಸ ಹಂಚುವುದು) ಎಲ್ಲ ಒಂದೇ ಹಳೆ ಸರ್ವರ್‌ನಲ್ಲಿವೆ, ಅದು ವಿಂಡೋಸ್ ಸರ್ವರ್ 2012 ಆರ್2. ಈಗ ಹೊಸ ಮೆಷಿನ್ ಬಂದಿದೆ, 2022 ಹಾಕಿದ್ದೇವೆ. ಭಾನುವಾರ ಒಂದೇ ದಿನದಲ್ಲಿ ಎಲ್ಲ ಬದಲಿಸಿ, ಸಂಜೆಯೊಳಗೆ ಹಳೆಯದನ್ನು ಫಾರ್ಮ್ಯಾಟ್ ಮಾಡಿ ಅಂತ ಮ್ಯಾನೇಜರ್ ಹೇಳುತ್ತಿದ್ದಾರೆ. ಆಗುತ್ತದಾ ಸರ್?

ಉತ್ತರ: ಬದಲಿಸುವುದು ಭಾನುವಾರವೇ ಆಗುತ್ತದೆ. ಫಾರ್ಮ್ಯಾಟ್ ಮಾತ್ರ ಬೇಡ ಮಾರಾಯ್ರೆ. ಕಾರಣ ಕೆಳಗೆ ಹೇಳುತ್ತೇನೆ, ಅದನ್ನು ಮ್ಯಾನೇಜರ್‌ಗೂ ತೋರಿಸಿ. ಬದಲಿಸುವ ನಿರ್ಧಾರ ಸರಿಯಾದದ್ದೇ. 2012 ಆರ್2ಗೆ ಮಾಮೂಲಿ ಅಪ್‌ಡೇಟ್ ಬರುವುದು 2023ರ ಅಕ್ಟೋಬರ್ 10ಕ್ಕೇ ನಿಂತಿದೆ.

ಮೊದಲು ಒಂದು ಪರೀಕ್ಷೆ. ನಿಮ್ಮ ಡೊಮೈನ್ ಸರ್ವರ್ 2003ರ ಕಾಲದಲ್ಲಿ ಶುರುವಾಗಿ ಅಪ್‌ಗ್ರೇಡ್ ಆಗುತ್ತ ಬಂದಿದ್ದರೆ, ಸಿಸ್‌ವಾಲ್ ಫೋಲ್ಡರ್ (ಡೊಮೈನ್‌ನ ಪಾಲಿಸಿ, ಸ್ಕ್ರಿಪ್ಟ್ ಇರುವ ಜಾಗ) ಸರ್ವರ್‌ನಿಂದ ಸರ್ವರ್‌ಗೆ ನಕಲಾಗುವುದು ಇನ್ನೂ ಹಳೆಯ ಎಫ್‌ಆರ್‌ಎಸ್ ಪದ್ಧತಿಯಲ್ಲೇ ಇರಬಹುದು. ಹಾಗಿದ್ದರೆ 2022ನ್ನು ಡೊಮೈನ್ ಕಂಟ್ರೋಲರ್ ಮಾಡಲು ಬಿಡುವುದೇ ಇಲ್ಲ. ಹಳೆ ಸರ್ವರ್‌ನಲ್ಲಿ ‘ಡಿಎಫ್‌ಎಸ್‌ಆರ್‌ಮಿಗ್’ ಕಮಾಂಡ್‌ನಿಂದ ಸ್ಥಿತಿ ನೋಡಿ. ‘ಎಲಿಮಿನೇಟೆಡ್’ ಅಂತ ಬಂದರೆ ನಿಶ್ಚಿಂತೆ. ಇಲ್ಲದಿದ್ದರೆ ಅದೇ ಕಮಾಂಡ್‌ನಿಂದ ಹಂತ ಹಂತವಾಗಿ ಡಿಎಫ್‌ಎಸ್‌ಆರ್ ಅನ್ನುವ ಹೊಸ ಪದ್ಧತಿಗೆ ಬದಲಿಸಿಕೊಳ್ಳಬೇಕು, ಅದನ್ನು ಹಿಂದಿನ ವಾರವೇ ಮುಗಿಸಿಡಿ.

ಆಮೇಲೆ ಹೊಸದನ್ನು ಡೊಮೈನ್‌ಗೆ ಸೇರಿಸಿ, ಡಿಎನ್‌ಎಸ್ ಮತ್ತು ಗ್ಲೋಬಲ್ ಕೆಟಲಾಗ್ (ಡೊಮೈನ್‌ನಲ್ಲಿ ಹುಡುಕಲು ಬೇಕಾದ ಸೂಚಿ) ಸಮೇತ ಪ್ರಮೋಟ್ ಮಾಡಿ, ಅಂದರೆ ಅದನ್ನೂ ಡೊಮೈನ್ ಕಂಟ್ರೋಲರ್ ಮಾಡಿ. ಎರಡು ಸರ್ವರ್ ನಡುವೆ ಮಾಹಿತಿ ನಕಲಾಗುತ್ತಿದೆಯಾ (ರೆಪ್ಲಿಕೇಷನ್) ಅಂತ ನೋಡಲು ‘ರೆಪ್‌ಅಡ್ಮಿನ್’, ಡೊಮೈನ್ ಕಂಟ್ರೋಲರ್ ಸರಿಯಿದೆಯಾ ಅಂತ ನೋಡಲು ‘ಡಿಸಿಡಯಾಗ್’ ಓಡಿಸಿ. ಹೊಸದರಲ್ಲಿ ಸಿಸ್‌ವಾಲ್, ನೆಟ್‌ಲಾಗನ್ ಎರಡೂ ಶೇರ್ (ನೆಟ್‌ವರ್ಕ್‌ನಲ್ಲಿ ಹಂಚಿದ ಫೋಲ್ಡರ್) ಕಾಣಿಸಬೇಕು. ಕಾಣಿಸದಿದ್ದರೆ ಅಲ್ಲೇ ನಿಲ್ಲಿಸಿ, ಮುಂದಿನ ಹೆಜ್ಜೆ ಇಡಬೇಡಿ.

ರೋಲ್‌ಗಳ (ಒಂದು ಹೊತ್ತಿಗೆ ಒಂದೇ ಡೊಮೈನ್ ಕಂಟ್ರೋಲರ್ ಮಾಡುವ ವಿಶೇಷ ಕೆಲಸಗಳು) ಬಗ್ಗೆ ಜನ ಜಾಸ್ತಿ ಹೆದರುತ್ತಾರೆ, ನಿಜವಾಗಿ ಅದೇ ಸುಲಭದ ಕೆಲಸ. ಇರುವುದು ಐದು: ಸ್ಕೀಮಾ ಮಾಸ್ಟರ್, ಡೊಮೈನ್ ನೇಮಿಂಗ್ ಮಾಸ್ಟರ್, ಪಿಡಿಸಿ ಎಮ್ಯುಲೇಟರ್, ರಿಡ್ ಮಾಸ್ಟರ್, ಇನ್‌ಫ್ರಾಸ್ಟ್ರಕ್ಚರ್ ಮಾಸ್ಟರ್. ಪವರ್‌ಶೆಲ್‌ನ ಒಂದೇ ಕಮಾಂಡ್‌ನಲ್ಲಿ ಐದನ್ನೂ ಹೊಸದಕ್ಕೆ ಕಳಿಸಬಹುದು, ‘ನೆಟ್‌ಡಾಮ್ ಕ್ವೆರಿ ಎಫ್‌ಎಸ್‌ಎಂಒ’ ಕೊಟ್ಟರೆ ಐದೂ ಹೊಸ ಹೆಸರಿನಲ್ಲಿ ಬಂದವಾ ಅಂತ ಗೊತ್ತಾಗುತ್ತದೆ. ಪಿಡಿಸಿ ರೋಲ್ ಬಂದ ಸರ್ವರ್‌ನ ಗಡಿಯಾರವೇ ಇಡೀ ಡೊಮೈನ್‌ಗೆ ಗಡಿಯಾರ. ಹಾಗಾಗಿ ಹೊಸದಕ್ಕೆ ಹೊರಗಿನ ಟೈಮ್ ಸರ್ವರ್ ಕೊಡಿ. ಸರ್ವರ್‌ಗೂ ಕಂಪ್ಯೂಟರ್‌ಗೂ ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಲಾಗಿನ್ ಕೈಕೊಡುತ್ತದೆ.

ಡಿಎಚ್‌ಸಿಪಿಯನ್ನು ಲೀಸ್ (ಯಾವ ಕಂಪ್ಯೂಟರ್‌ಗೆ ಯಾವ ವಿಳಾಸ, ಎಷ್ಟು ದಿನಕ್ಕೆ ಅನ್ನುವ ಲೆಕ್ಕ) ಸಮೇತ ಎಕ್ಸ್‌ಪೋರ್ಟ್ ಮಾಡಿ, ಹಳೆಯದರಲ್ಲಿ ಸರ್ವಿಸ್ ನಿಲ್ಲಿಸಿ, ಹೊಸದಕ್ಕೆ ಇಂಪೋರ್ಟ್ ಮಾಡಿ, ಆಥರೈಸ್ ಮಾಡಿ (ವಿಳಾಸ ಹಂಚಲು ಡೊಮೈನ್‌ನಲ್ಲಿ ಅನುಮತಿ ಕೊಡುವುದು). ಇಲ್ಲೊಂದು ವಿಷಯ ತುಂಬ ಜನ ಗಮನಿಸುವುದಿಲ್ಲ. ಇಂಪೋರ್ಟ್ ಮಾಡಿದಾಗ ಹಳೆಯ ಆಪ್ಷನ್‌ಗಳೂ ಹಾಗೆಯೇ ಬರುತ್ತವೆ. ಅಂದರೆ ಡಿಎನ್‌ಎಸ್ ವಿಳಾಸ ಹೇಳುವ 6ನೇ ಆಪ್ಷನ್‌ನಲ್ಲಿ ಹಳೆ ಸರ್ವರ್ ವಿಳಾಸವೇ ಇರುತ್ತದೆ, ಹೊಸ ಸರ್ವರ್ ತಾನೇ ಎಲ್ಲರಿಗೂ ಹಳೆಯದನ್ನು ಕೇಳಿ ಅಂತ ಕಳಿಸುತ್ತಿರುತ್ತದೆ. ಅದನ್ನು ಬದಲಿಸಿ. ಎರಡನೇ ಡಿಎನ್‌ಎಸ್ ಅಂತ 8.8.8.8 (ಗೂಗಲ್‌ನ ಡಿಎನ್‌ಎಸ್) ಅಥವಾ ರೂಟರ್ ವಿಳಾಸ ಹಾಕಲೇಬೇಡಿ, ಅವುಗಳಿಗೆ ನಿಮ್ಮ ಡೊಮೈನ್ ಏನಂತ ಗೊತ್ತಿಲ್ಲ. ಡಿಎನ್‌ಎಸ್ ಜೋನ್‌ಗಳು (ಹೆಸರು, ವಿಳಾಸಗಳ ಪಟ್ಟಿಗಳು) ಆಕ್ಟಿವ್ ಡೈರೆಕ್ಟರಿಯಲ್ಲಿ, ಅಂದರೆ ಡೊಮೈನ್‌ನ ಡೇಟಾಬೇಸ್‌ನಲ್ಲಿ, ಇದ್ದರೆ ತಾವಾಗಿಯೇ ಬರುತ್ತವೆ. ಆದರೆ ಫಾರ್ವರ್ಡರ್ (ತನಗೆ ಗೊತ್ತಿಲ್ಲದ ಹೆಸರನ್ನು ಕೇಳುವ ಬೇರೆ ಡಿಎನ್‌ಎಸ್‌ನ ವಿಳಾಸ) ಹಾಗೆ ಬರುವುದಿಲ್ಲ, ಅದು ಆಯಾ ಸರ್ವರ್‌ನ ಸ್ವಂತ ಸೆಟ್ಟಿಂಗ್. ಕೆಲವೊಮ್ಮೆ ಅಲ್ಲೂ ಹಳೆ ಸರ್ವರ್‌ನ ವಿಳಾಸ ಕೂತಿರುತ್ತದೆ, ತೆರೆದು ನೋಡಿ.

ಇನ್ನು ಫಾರ್ಮ್ಯಾಟ್ ಯಾಕೆ ಬೇಡ ಅಂತ. ಈ ಕೆಲಸದಲ್ಲಿ ತಪ್ಪಾದರೆ ಅದು ಅದೇ ದಿನ ಕಾಣಿಸುವುದಿಲ್ಲ. ಡಿಎಚ್‌ಸಿಪಿ ಲೀಸ್ ಸಾಮಾನ್ಯವಾಗಿ 8 ದಿನದ್ದು. ಸರ್ವರ್ ಸಿಗದಿದ್ದರೂ ಕಂಪ್ಯೂಟರ್ ಇದ್ದ ವಿಳಾಸದಲ್ಲೇ ಲೀಸ್ ಮುಗಿಯುವ ತನಕ ತಳ್ಳುತ್ತದೆ. ಲಾಗಿನ್ ಕೂಡ ಹಾಗೆ, ಹಿಂದೆ ಒಮ್ಮೆ ಲಾಗಿನ್ ಆದವರ ವಿವರ ಕಂಪ್ಯೂಟರ್‌ನಲ್ಲೇ ಉಳಿದಿರುತ್ತದೆ. ಸೋಮವಾರ ಎಲ್ಲ ಸರಿಯಿದೆ ಅನಿಸುತ್ತದೆ, ಮುಂದಿನ ವಾರ ಒಂದೊಂದೇ ಫೋನ್ ಬರಲು ಶುರು. ಅದರ ಮೇಲೆ ಕೈಯಿಂದ ವಿಳಾಸ ಹಾಕಿದ ಸಾಮಾನುಗಳು ಬೇರೆ: ಸ್ಕ್ಯಾನ್ ಮಾಡಿ ಫೋಲ್ಡರ್‌ಗೆ ಕಳಿಸುವ ಜೆರಾಕ್ಸ್ ಮೆಷಿನ್, ಗೇಟಿನ ಬೆರಳಚ್ಚು ಹಾಜರಿ ಮೆಷಿನ್, ಗೋದಾಮಿನ ತೂಕದ ಯಂತ್ರದ ಪಕ್ಕದ ಕಂಪ್ಯೂಟರ್. ಇವಕ್ಕೆ ಡಿಎಚ್‌ಸಿಪಿ ಹೇಳುವ ಮಾತು ತಲುಪುವುದೇ ಇಲ್ಲ. ಒಂದೊಂದರ ಹತ್ತಿರ ನಡೆದು ಹೋಗಿ ವಿಳಾಸ ನೋಡಿ, ಬೇರೆ ದಾರಿ ಇಲ್ಲ.

ಅದಕ್ಕೇ ಹಳೆ ಸರ್ವರನ್ನು ಡಿಮೋಟ್ (ಡೊಮೈನ್ ಕಂಟ್ರೋಲರ್ ಸ್ಥಾನದಿಂದ ಇಳಿಸುವುದು) ಕೂಡ ಮಾಡದೆ ಸುಮ್ನೆ ಶಟ್‌ಡೌನ್ ಮಾಡಿ ಹತ್ತು ದಿನ ಇಡಿ. ಏನಾದರೂ ನಿಂತರೆ ಮತ್ತೆ ಆನ್ ಮಾಡಿ, ಸರಿಪಡಿಸಿ, ಮತ್ತೆ ಆಫ್. ಹತ್ತು ದಿನ ಯಾರೂ ಕೇಳದಿದ್ದರೆ ಕೊನೆಗೊಮ್ಮೆ ಆನ್ ಮಾಡಿ ರೆಪ್ಲಿಕೇಷನ್ ಆಗಲು ಬಿಟ್ಟು ಡಿಮೋಟ್ ಮಾಡಿ. ಫಾರ್ಮ್ಯಾಟ್ ಆಮೇಲೆ. ಹಳೆ ಐಪಿ ವಿಳಾಸವನ್ನೇ ಹೊಸದಕ್ಕೆ ಕೊಡುವ ಆಸೆ ಇದ್ದರೆ ಅದನ್ನೂ ಡಿಮೋಟ್ ಆದ ಮೇಲೆಯೇ ಮಾಡಿ.

ಪ್ರಶ್ನೆ: ಉಡುಪಿ ಹತ್ತಿರದ ಶಾಲೆಯೊಂದರಲ್ಲಿ ಕೆಲಸ. ಸಿಡಿಲಿಗೆ ನಮ್ಮ ಮುಖ್ಯ ಸರ್ವರ್ ಸುಟ್ಟು ಹೋಯಿತು. ಐದೂ ರೋಲ್, ಡಿಎಚ್‌ಸಿಪಿ ಅದರಲ್ಲೇ ಇದ್ದವು. ಎರಡನೇ ಡೊಮೈನ್ ಕಂಟ್ರೋಲರ್ ಒಂದಿದೆ, ಡಿಎನ್‌ಎಸ್ ಅದರಲ್ಲೂ ಇದೆ. ಈಗ ಏನು ಮಾಡುವುದು?

ಉತ್ತರ: ಎರಡನೆಯದು ಉಳಿದಿದೆಯಲ್ಲ, ಅರ್ಧ ಕಷ್ಟ ಕಳೆಯಿತು. ಬಿಟ್ಟುಕೊಡುವ ಸರ್ವರ್ ಬದುಕಿಲ್ಲದ್ದರಿಂದ ರೋಲ್‌ಗಳನ್ನು ಕಿತ್ತುಕೊಳ್ಳಬೇಕು, ಅದಕ್ಕೆ ‘ಸೀಜ್’ ಅನ್ನುತ್ತಾರೆ. ‘ಎನ್‌ಟಿಡಿಎಸ್‌ಯುಟಿಲ್’ನಲ್ಲಿ ಮಾಡಬಹುದು, ಪವರ್‌ಶೆಲ್ ಕಮಾಂಡ್‌ಗೆ ‘ಫೋರ್ಸ್’ ಸೇರಿಸಿಯೂ ಮಾಡಬಹುದು. ಆಮೇಲೆ ಸತ್ತ ಸರ್ವರ್‌ನ ಕಂಪ್ಯೂಟರ್ ಅಕೌಂಟ್ ಡಿಲೀಟ್ ಮಾಡಿ, ಡಿಎನ್‌ಎಸ್‌ನಲ್ಲಿ ಅದರ ಹೆಸರಿನ ದಾಖಲೆಗಳು ಉಳಿದಿದ್ದರೆ ತೆಗೆಯಿರಿ.

ಸೀಜ್ ಆದ ಮೇಲೆ ಹಳೆ ಹಾರ್ಡ್‌ಡಿಸ್ಕ್‌ನಿಂದ ಆ ಸರ್ವರನ್ನು ಮತ್ತೆ ನೆಟ್‌ವರ್ಕ್‌ಗೆ ತರಬೇಡಿ, ರಿಪೇರಿಯವರು ಸರಿಮಾಡಿ ಕೊಟ್ಟರೂ ಸರಿ. ಒಂದೇ ರೋಲ್ ನನ್ನದು ಅನ್ನುವ ಎರಡು ಸರ್ವರ್ ಆಗಿಬಿಡುತ್ತವೆ. ಮೆಷಿನ್ ಬೇಕಿದ್ದರೆ ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಳ್ಳಿ.

ಡಿಎಚ್‌ಸಿಪಿ ಬ್ಯಾಕಪ್ ಇಲ್ಲದಿದ್ದರೆ ಸ್ಕೋಪ್ (ಹಂಚಬೇಕಾದ ವಿಳಾಸಗಳ ವ್ಯಾಪ್ತಿ) ಹೊಸದಾಗಿ ಬರೆಯಿರಿ. ಮಕ್ಕಳ ಲ್ಯಾಬ್‌ನ ಕಂಪ್ಯೂಟರ್‌ಗಳು ಹಳೆ ವಿಳಾಸ ಹಿಡಿದುಕೊಂಡೇ ಇರುವುದರಿಂದ ‘ಕಾನ್‌ಫ್ಲಿಕ್ಟ್ ಡಿಟೆಕ್ಷನ್’ ಅನ್ನು 1ಕ್ಕೆ ಇಡಿ. ಆಗ ಸರ್ವರ್ ವಿಳಾಸ ಕೊಡುವ ಮೊದಲು ಅದು ಯಾರದ್ದಾದರೂ ಹತ್ತಿರ ಇದೆಯಾ ಅಂತ ಪಿಂಗ್ ಮಾಡಿ ನೋಡುತ್ತದೆ. ಎರಡು ವಾರ ಕಳೆದ ಮೇಲೆ ಮತ್ತೆ 0 ಮಾಡಿ.