ಆ ಕಾಕಿ ಹಣ್ಣನ್ನು ಎಸೆಯಬೇಡಿ

ಜಪಾನಿನ ನಾರಾಗೆ ಬಂದು ಎರಡು ತಿಂಗಳಾಯಿತು ಎಂದು ಬರೆದಿದ್ದೀರಿ. ಪಕ್ಕದ ಮನೆಯ ಅಜ್ಜ ಒಂದು ಚೀಲ ಕಾಕಿ (ಪರ್ಸಿಮನ್) ಹಣ್ಣು ಕೊಟ್ಟರು, ಒಂದನ್ನು ಕಚ್ಚಿದ ತಕ್ಷಣ ಬಾಯೆಲ್ಲ ಒಗರಾಗಿ ನಾಲಿಗೆ ದಪ್ಪಗಾಯಿತು, ಇದು ಕೆಟ್ಟ ಹಣ್ಣಾ, ಎಸೆದುಬಿಡಲಾ ಎಂದು ಕೇಳಿದ್ದೀರಿ. ಫೋಟೋ ಕೂಡ ಕಳಿಸಿದ್ದೀರಿ. ಜೊತೆಗೆ ಮಗುವಿಗೆ ಕೊಡಬಹುದಾ, ಅಜ್ಜನಿಗೆ ವಾಪಸ್ ಏನು ಕೊಡಬೇಕು, ಚಳಿಗೆ ಬಟ್ಟೆ ಊರಿಂದ ತರಿಸಬೇಕಾ, ಮಗುವಿನ ಶಾಲೆಗೆ ಏನು ಮಾಡಬೇಕು ಎಂದೂ ಕೇಳಿದ್ದೀರಿ.

ಎಸೆಯಬೇಡಿ. ಅದು ಕೆಟ್ಟಿಲ್ಲ. ಉಳಿದ ಪ್ರಶ್ನೆಗಳಿಗೆ ಆಮೇಲೆ ಬರುತ್ತೇನೆ.

ಕಾಕಿಯಲ್ಲಿ ಎರಡು ಜಾತಿ. ಸಿಹಿಯದು ಅಮಗಾಕಿ, ಒಗರಿನದು ಶಿಬುಗಾಕಿ. ಅಮಗಾಕಿ ಮರದಲ್ಲೇ ಒಗರು ಕಳೆದುಕೊಳ್ಳುತ್ತದೆ. ಗಟ್ಟಿ ಇರುವಾಗಲೇ ಸಿಪ್ಪೆ ತೆಗೆದು ಸೇಬಿನ ಹಾಗೆ ತಿನ್ನಬಹುದು. ಗಿಫು ಕಡೆಯ ಫುಯು, ಶಿಜುವೊಕಾ ಕಡೆಯ ಜಿರೋ ಈ ಗುಂಪಿನವು. ಶಿಬುಗಾಕಿ ಬೇರೆ. ಬಣ್ಣ ಎಷ್ಟೇ ಚೆನ್ನಾಗಿ ಬಂದಿರಲಿ, ಗಟ್ಟಿ ಇರುವ ತನಕ ಬಾಯಿಗೆ ಹಾಕಲು ಆಗುವುದಿಲ್ಲ. ನಾವು ಬಣ್ಣ ನೋಡಿ ಹಣ್ಣು ಎಂದು ತೀರ್ಮಾನ ಮಾಡುವವರು. ಇಲ್ಲಿ ಎಡವುವುದು ಅಲ್ಲೇ.

ಆಕಾರ ನೋಡಿ ಹೇಳಬಹುದು ಎನ್ನುತ್ತಾರೆ. ಚಪ್ಪಟೆ ಇದ್ದರೆ ಸಿಹಿ, ಚೂಪಾಗಿದ್ದರೆ ಒಗರು ಅಂತ. ಅದನ್ನು ಪೂರ್ತಿ ನಂಬಬೇಡಿ. ಹಿರತನೆನಾಶಿ ಎಂಬ ಜಾತಿ ಚಪ್ಪಟೆಯೇ, ಬೀಜವೂ ಇಲ್ಲ, ಆದರೆ ಹುಟ್ಟಿನಿಂದ ಒಗರು. ಅಂಗಡಿಗೆ ಬರುವ ಮೊದಲು ಅದನ್ನು ಕಾರ್ಬನ್ ಡೈಆಕ್ಸೈಡ್ ತುಂಬಿದ ಕೋಣೆಯಲ್ಲಿಟ್ಟು ಒಗರು ತೆಗೆದಿರುತ್ತಾರೆ. ಹಾಗಾಗಿ ಅಂಗಡಿಯದು ಸಿಹಿ, ಅದೇ ಜಾತಿಯದು ಯಾರದೋ ಹಿತ್ತಲಿನಿಂದ ಬಂದರೆ ಒಗರು. ಯಾರಾದರೂ ಮನೆ ಮರದ್ದು ಕೊಟ್ಟರೆ ಅಲ್ಲೇ ನಿಂತು ಕೇಳಿ: "ಅಮಗಾಕಿ ದೆಸು ಕಾ, ಶಿಬುಗಾಕಿ ದೆಸು ಕಾ?" ಅಷ್ಟು ಜಪಾನೀಸ್ ಸಾಕು.

ಹೀಗೆ ಒತ್ತಿ ಹೇಳಲು ಕಾರಣ ಇದೆ. ನಾನು ಕೇಳಲಿಲ್ಲ.

ನಾನು ಇಲ್ಲಿಗೆ ಬಂದದ್ದು 2008ರಲ್ಲಿ. ಮೊದಲ ಮನೆ ಗೋಜೋ ಊರಿನ ಹತ್ತಿರ. ಗುಡ್ಡಗಳ ಮೇಲೆಲ್ಲ ಕಾಕಿ ತೋಟ. ನವೆಂಬರಿನಲ್ಲಿ ಎಲೆ ಉದುರಿದ ಮೇಲೆ ಬರೀ ಹಣ್ಣು ಕೊಂಬೆಯಲ್ಲಿ ನಿಂತಿರುತ್ತದೆ, ದೂರದಿಂದ ಹಣತೆ ಹಚ್ಚಿಟ್ಟ ಹಾಗೆ. ನಮ್ಮ ಹಬ್ಬವೂ ಅದೇ ಹೊತ್ತಿಗೆ ಅಲ್ವಾ. ಆ ವರ್ಷ ನಾನು ಕಿಟಕಿಯಲ್ಲಿ ನಿಂತು ಅದನ್ನೇ ನೋಡುತ್ತಿದ್ದೆ.

ಎದುರು ಮನೆಯಲ್ಲಿ ಒಬ್ಬಂಟಿ ಅಜ್ಜಿ ಇದ್ದರು. ಒಂದು ಬೆಳಗ್ಗೆ ಚೀಲದ ತುಂಬ ಚೂಪು ತುದಿಯ ಕಾಕಿ ತಂದು ಕೊಟ್ಟರು. ಏನೇನೋ ಹೇಳಿದರು. ಕೈಯಲ್ಲಿ ಸಿಪ್ಪೆ ಹೆರೆಯುವ ಹಾಗೆ ಮಾಡಿದರು, ಆಮೇಲೆ ಸೂರಿನ ಕಡೆ ಕೈ ತೋರಿಸಿದರು. ನನಗೆ ಒಂದು ಪದವೂ ತಿಳಿಯಲಿಲ್ಲ. "ಹೈ, ಹೈ" (ಹೌದು, ಹೌದು) ಎಂದು ತಲೆ ಆಡಿಸಿದೆ. ಗೊತ್ತಾಗಲಿಲ್ಲ ಎಂದರೆ ಅವರಿಗೆ ಬೇಸರವಾದೀತು ಅಂದುಕೊಂಡೆ.

ಒಳಗೆ ಬಂದು ಒಂದು ಕಚ್ಚಿದೆ. ನಿಮಗೆ ಆದದ್ದೇ ನನಗೂ ಆಯಿತು. ಇನ್ನೊಂದು ಕೊಯ್ದು ನೋಡಿದೆ, ಅದೂ ಅಷ್ಟೇ. ಪೂರ್ತಿ ಚೀಲ ಕಸಕ್ಕೆ ಹಾಕಿದೆ. ಕಸದ ಚೀಲ ಪಾರದರ್ಶಕ. ಕಸ ಇಡುವ ಜಾಗ ಅವರ ಗೇಟಿನ ಪಕ್ಕ. ಮಾರನೇ ದಿನ ಬೆಳಗ್ಗೆ ಅವರು ಅಲ್ಲೇ ಗುಡಿಸುತ್ತಿದ್ದರು. ನನಗೆ ನಮಸ್ಕಾರ ಮಾಡಿದರು, ನಾನೂ ಮಾಡಿದೆ. ಏನೂ ಹೇಳಲಿಲ್ಲ. ಇಲ್ಲಿನವರು ಹೇಳುವುದಿಲ್ಲ. ಮತ್ತೆಂದೂ ಹಣ್ಣು ಕೊಡಲೂ ಇಲ್ಲ.

ಎರಡು ವರ್ಷದ ನಂತರ, ಬೇರೆ ಊರಿಗೆ ಮನೆ ಬದಲಿಸಿದ ಮೇಲೆ, ಜೊತೆಗೆ ಕೆಲಸ ಮಾಡುವ ಒಬ್ಬರು ಕಾಕಿ ಒಣಗಿಸುವುದನ್ನು ತೋರಿಸಿದರು. ಒಣಗಿಸುವ ಹಣ್ಣನ್ನು ಸುಮ್ನೆ ಕಿತ್ತು ತರುವುದಿಲ್ಲ. ತೊಟ್ಟಿನ ಜೊತೆ ಕೊಂಬೆಯ ಚೂರೊಂದನ್ನು ಅಡ್ಡಕ್ಕೆ ಉಳಿಸಿ ಕತ್ತರಿಸುತ್ತಾರೆ. ದಾರ ಕಟ್ಟಲು ಆ ಅಡ್ಡಕಡ್ಡಿ ಬೇಕು. ಅದನ್ನು ನೋಡಿದಾಗ ನನ್ನ ಕೈ ತಣ್ಣಗಾಯಿತು. ಅಜ್ಜಿಯ ಚೀಲದ ಒಂದೊಂದು ಹಣ್ಣಿಗೂ ಆ ಕಡ್ಡಿ ಇತ್ತು. ನನಗೋಸ್ಕರ ಒಂದೊಂದಾಗಿ ಕತ್ತರಿಸಿದ್ದರು. ಪೀಚ್, ಚೆಸ್ಟ್‌ನಟ್ ಕಾಯಿ ಬಿಡಲು 3 ವರ್ಷ, ಕಾಕಿಗೆ 8 ವರ್ಷ ಎಂದು ಇಲ್ಲಿ ಗಾದೆ ಇದೆ. ಅಷ್ಟು ಕಾದು ಬೆಳೆಸಿದ ಮರದ್ದು. ಆಮೇಲೆ ಒಮ್ಮೆ ಆ ಬೀದಿಗೆ ಹೋದೆ. ಮನೆ ಕೆಡವಿ ಜಾಗ ಖಾಲಿ ಮಾಡಿದ್ದರು. ಮರವೂ ಇರಲಿಲ್ಲ. ಯಾರನ್ನು ಕೇಳಬೇಕೋ ಗೊತ್ತಾಗಲಿಲ್ಲ.

ಅದಕ್ಕೇ ಹೇಳುತ್ತೇನೆ, ಅರ್ಥವಾಗದಾಗ ಹೈ ಅನ್ನಬೇಡಿ. "ವಕರಿಮಾಸೆನ್", ಅಂದರೆ ಗೊತ್ತಾಗಲಿಲ್ಲ, ಎನ್ನಿ. ಅವರು ಇನ್ನೊಮ್ಮೆ ಹೇಳುತ್ತಾರೆ, ಬೇಕಾದರೆ ಕೈಹಿಡಿದು ಮಾಡಿ ತೋರಿಸುತ್ತಾರೆ. ಅದರಲ್ಲಿ ಅವಮಾನ ಏನೂ ಇಲ್ಲ.

ಈಗ ನಿಮ್ಮ ಹಣ್ಣು. ಒಗರಿಗೆ ಕಾರಣ ಟ್ಯಾನಿನ್. ಅದು ಎಂಜಲಿನಲ್ಲಿ ಕರಗಿ ಬಾಯಿಯ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಅದಕ್ಕೇ ನಾಲಿಗೆ ಹಾಗಾಗುವುದು. ಹಣ್ಣು ಮಾಗಿದಾಗ ಟ್ಯಾನಿನ್ ಎಲ್ಲೂ ಹೋಗುವುದಿಲ್ಲ. ಕರಗದ ಹಾಗೆ ಗಟ್ಟಿಯಾಗುತ್ತದೆ, ಅಷ್ಟೇ. ಕೆಲವು ಹಣ್ಣಿನ ಒಳಗೆ ಕಂದು ಚುಕ್ಕೆ ಕಾಣುತ್ತದಲ್ಲ, ಅದು ಹೀಗೆ ಗಟ್ಟಿಯಾದ ಟ್ಯಾನಿನ್. ಹುಳುಕು ಎಂದು ಅದನ್ನೂ ಎಸೆಯಬೇಡಿ.

ಸುಲಭದ ದಾರಿ ಎಂದರೆ ಕಾಯುವುದು. ಒಂದು ಸೇಬಿನ ಜೊತೆ ಕಾಗದದ ಚೀಲದಲ್ಲಿಡಿ. ಹಣ್ಣಿಗೆ ಹಾಕುವುದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಹುಲ್ಲಿನ ಬದಲು ಸೇಬು ಅಷ್ಟೇ. ಒತ್ತಿದರೆ ನೀರು ತುಂಬಿದ ಬಲೂನಿನ ಹಾಗೆ ಆಗಬೇಕು. ಅರ್ಧ ಮೆತ್ತಗಾದದ್ದು ಸಾಲದು, ಅವಸರ ಮಾಡಿದರೆ ಮತ್ತೆ ಅದೇ ಒಗರು. ಪೂರ್ತಿ ಮಾಗಿದ್ದನ್ನು ಜುಕುಶಿ ಎನ್ನುತ್ತಾರೆ. ಫ್ರಿಜ್‌ನಲ್ಲಿಟ್ಟು, ತೊಟ್ಟು ತೆಗೆದು, ಚಮಚದಲ್ಲಿ ತಿನ್ನಿ. ಮಾವಿನ ನೆನಪಲ್ಲಿ ತಿನ್ನಬೇಡಿ. ಇದರಲ್ಲಿ ಹುಳಿ ಇಲ್ಲವೇ ಇಲ್ಲ, ಘಮವೂ ಕಡಿಮೆ. ಮೊದಲ ಮೂರು ವರ್ಷ ನಾನು ಇದರಲ್ಲಿ ಮಾವು ಹುಡುಕಿ ನಿರಾಸೆಯಾದೆ. ಹುಡುಕುವುದು ಬಿಟ್ಟ ಮೇಲೆ ಇದರ ರುಚಿ ಸಿಕ್ಕಿತು. ಜೇನಿನಷ್ಟು ಸಿಹಿ, ಆದರೆ ತಣ್ಣನೆಯ ಸಿಹಿ.

ಗಟ್ಟಿಯಾಗಿಯೇ ಬೇಕು ಎಂದರೆ 35 ಶೇಕಡಾದ ಶೋಚು ಎಂಬ ಮದ್ಯದಲ್ಲಿ ತೊಟ್ಟನ್ನು ಅದ್ದಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಒಂದು ವಾರ ಇಡುತ್ತಾರೆ. ಮನೆಯಲ್ಲಿ ಹಿರಿಯರಿದ್ದರೆ ಬೇಡ, ನಿಮಗೇ ಗೊತ್ತು.

ನನಗೆ ಇಷ್ಟದ್ದು ಒಣಗಿಸಿದ್ದು, ಹೊಶಿಗಾಕಿ. ಸಿಪ್ಪೆ ಹೆರೆಯಿರಿ, ತೊಟ್ಟು ಹಾಗೇ ಉಳಿಸಿ. ದಾರದ ಎರಡು ತುದಿಗೆ ಒಂದೊಂದು ಹಣ್ಣು ಕಟ್ಟಿ. ಕುದಿಯುವ ನೀರಿನಲ್ಲಿ ಹತ್ತು ಸೆಕೆಂಡು ಅದ್ದಿದರೆ ಬೂಷ್ಟು ಬರುವುದು ಕಡಿಮೆ. ಮಳೆ ಬೀಳದ, ಗಾಳಿ ಆಡುವ ಕಡೆ ತೂಗುಹಾಕಿ, ಒಂದಕ್ಕೊಂದು ತಾಗಬಾರದು. ವಾರ ಕಳೆದು ಮೇಲ್ಮೈ ಒಣಗಿದ ಮೇಲೆ ತೊಳೆದ ಕೈಯಿಂದ ಮೆಲ್ಲಗೆ ಹಿಸುಕಿ, ಆಗಾಗ ಹೀಗೆ ಮಾಡುತ್ತಿರಿ. ಒಂದು ತಿಂಗಳಿಗೆ ಸಿದ್ಧ. ಮೇಲೆ ಬರುವ ಬಿಳಿ ಪುಡಿ ಸಕ್ಕರೆಯೇ, ಒರೆಸಬೇಡಿ. ಹಸಿರು ಅಥವಾ ನೂಲು ನೂಲಾಗಿ ಬಂದರೆ ಮಾತ್ರ ಬೂಷ್ಟು. ಬೆಚ್ಚಗಿನ ಊರುಗಳಲ್ಲಿ ಅಕ್ಟೋಬರಿನಲ್ಲೇ ಕಟ್ಟಿದರೆ ಹಾಳಾಗುತ್ತದೆ. ಚಳಿ ಕಾಲಿಡಲಿ.

ಮಗುವಿಗೆ ಒಗರು ಹೋದದ್ದನ್ನು ಸಣ್ಣ ಚೂರು ಮಾಡಿ ಕೊಡಿ, ಬೀಜ ನೋಡಿ ತೆಗೆಯಿರಿ. ಖಾಲಿ ಹೊಟ್ಟೆಗೆ ಜಾಸ್ತಿ ಯಾರೂ ತಿನ್ನಬಾರದು. ಟ್ಯಾನಿನ್ ಹೊಟ್ಟೆಯಲ್ಲಿ ಗಂಟು ಕಟ್ಟುವುದುಂಟು. ಊರಿಂದ ಅಪ್ಪ ಅಮ್ಮ ಬಂದಾಗ, ಅವರಿಗೆ ಹೊಟ್ಟೆಯ ಆಪರೇಶನ್ ಆಗಿದ್ದರೆ ವೈದ್ಯರನ್ನು ಕೇಳದೆ ಕೊಡಬೇಡಿ.

ಚಳಿಯ ಬಟ್ಟೆ ಇಲ್ಲೇ ಕೊಳ್ಳಿ. ಶಾಲೆಗೆ ನಗರ ಕಚೇರಿಗೆ ಹೋಗಿ ಕೇಳಿ, ಅವರೇ ದಾರಿ ಹೇಳುತ್ತಾರೆ. ಅಜ್ಜನಿಗೆ ಏನು ಕೊಡಬೇಕು? ಖಾಲಿ ಡಬ್ಬಿ ವಾಪಸ್ ಕೊಡುತ್ತೀವಾ ನಾವು? ಇಲ್ಲೂ ಹಾಗೇ. ದುಬಾರಿ ಏನೂ ಬೇಡ, ಅವರಿಗೆ ಭಾರವಾಗುತ್ತದೆ. ನೀವೇ ಒಣಗಿಸಿದ ನಾಲ್ಕು ಹಣ್ಣು ಒಯ್ದು ಕೊಟ್ಟರೆ ಅದಕ್ಕಿಂತ ದೊಡ್ಡದಿಲ್ಲ.

ನೀವು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಏಳು ಹಣ್ಣು ಕಾಣುತ್ತವೆ. ಐದರ ತೊಟ್ಟಿನ ಮೇಲೆ ಆ ಅಡ್ಡಕಡ್ಡಿ ಇದೆ. ಮನೆಯಲ್ಲಿ ದಾರ ಇದೆಯಾ?